ಕರಿಮಡ್ಡಿ: ಬೌದ್ಧ, ಒಂದು

ಚಂದ್ರಾಬಾಯಿಗೆ ಸಿಟ್ಟು ಹುಟ್ಟುತ್ತಲೇ ಬಂದದ್ದು ಎಂದು ಅವಳ ತವರುಮನೆ ಬಬಲೇಶ್ವರದಲ್ಲಿ ಹೇಳುತ್ತಿದ್ದರು. ಸುಳ್ಳು. ಸಿಟ್ಟು ಯಾರಿಗೂ ಹುಟ್ಟುತ್ತಲೇ ಬರುವುದಿಲ್ಲ, ಊರು ಕೊಡುತ್ತದೆ. ಅವಳನ್ನು ಕೊಟ್ಟ ಊರು ಟಿಕೋಟಾದಿಂದ ಹೊನವಾಡಕ್ಕೆ ಹೋಗುವ ಹಾದಿಯಲ್ಲಿ ಬಸ್ಸಿಳಿದು ಒಳಗೆ ಒಂದು ಹರದಾರಿ ನಡೆದರೆ ಸಿಗುತ್ತದೆ. ಹೆಸರು ಕರಿಮಡ್ಡಿ ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಬರೆದರೆ ಈ ಕಥೆಯಲ್ಲಿ ಒಬ್ಬ ಕಾರಕೂನ ಮಾಡಿದ ತಪ್ಪನ್ನೇ ನಾನೂ ಮಾಡಿದಂತಾಗುತ್ತದೆ. ಆ ತಪ್ಪಿನ ಕಥೆಯೇ ಇದು.

ಅವಳ ಗಂಡ ಭಾಗಪ್ಪ ನಾಲ್ಕು ವರ್ಷ ಸೊಲ್ಲಾಪುರದ ಗಿರಣಿಯಲ್ಲಿ ದುಡಿದು ಅರವತ್ತೇಳರಲ್ಲಿ ಊರಿಗೆ ಬಂದ. ಬರುವಾಗ ತಗಡಿನ ಟ್ರಂಕಿನಲ್ಲಿ ಬಾಬಾಸಾಹೇಬರ ಒಂದು ಫೋಟೊ ತಂದಿದ್ದ, ಹೊಟ್ಟೆಯೊಳಗೆ ಒಂದು ಗುಟ್ಟು ತಂದಿದ್ದ. ಅಲ್ಲಿ ಬಿಳಿ ಬಟ್ಟೆ ಉಟ್ಟು ಸಾವಿರ ಮಂದಿಯ ನಡುವೆ ನಿಂತು ಬೌದ್ಧನಾಗಿದ್ದ. ಹೆಂಡತಿಗೆ ಹೇಳಿದ. ಚಂದ್ರಾಬಾಯಿ ಕೇಳಿಸಿಕೊಂಡು ಫೋಟೊವನ್ನು ಟ್ರಂಕಿನ ಮುಚ್ಚಳದ ಒಳಬದಿಗೆ ಹಚ್ಚಿದಳು. ಮುಚ್ಚಳ ತೆರೆದರೆ ಕಾಣುತ್ತಿತ್ತು, ಮುಚ್ಚಿದರೆ ಇಲ್ಲ.

ಮುಚ್ಚಿಡುವುದಕ್ಕೆ ಕಾರಣವಿತ್ತು. ಆಗಿನ ಸರಕಾರದ ಕಾನೂನು ಹೇಗಿತ್ತೆಂದರೆ, ಕೇರಿಯವನು ಬೌದ್ಧನಾದ ದಿನವೇ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಕೇರಿ ಅದೇ, ಮುಟ್ಟಿಸದ ಬಾವಿ ಅದೇ, ಬೈಗುಳ ಅದೇ. ಸವಲತ್ತು ಮಾತ್ರ ಇಲ್ಲ. ಇದನ್ನು ಬರೆದವರು ಯಾವ ಕೇರಿಯಲ್ಲಿ ಒಂದು ದಿನ ಇದ್ದು ಬಂದಿದ್ದರೋ ದೇವರಿಗೇ ಗೊತ್ತು. ಭಾಗಪ್ಪನ ಮಗಳು ಪರಸವ್ವ ವಿಜಯಪುರದಲ್ಲಿ, ಸ್ಟೇಷನ್ ರಸ್ತೆಯ ಹಿಂದೆ, ಸರಕಾರಿ ಹಾಸ್ಟೆಲ್ಲಿನಲ್ಲಿದ್ದು ಒಂಬತ್ತನೆಯ ಇಯತ್ತೆ ಓದುತ್ತಿದ್ದಳು. ಕರಿಮಡ್ಡಿಯ ಕೇರಿಯಲ್ಲಿ ಏಳು ದಾಟಿದ ಮೊದಲ ಹುಡುಗಿ. ಆ ಹಾಸ್ಟೆಲ್ ಪರಿಶಿಷ್ಟ ಜಾತಿಯ ಹುಡುಗಿಯರದು. ಅದು ಹೋದರೆ ಆ ಹುಡುಗಿಗೆ ಉಳಿಯುವುದು ಗೌಡರ ಹತ್ತಿ ಹೊಲವೇ.

ಎಪ್ಪತ್ನಾಲ್ಕರ ಜನವರಿಯಲ್ಲಿ ಗೌಡರ ಎತ್ತು ಸತ್ತಿತು. ಸತ್ತ ದನ ಎಳೆಯುವುದು ಭಾಗಪ್ಪನ ಮನೆತನದ ಪಾಲಿಗೆ ಬಂದ ಕೆಲಸ. ಭಾಗಪ್ಪ ಬೆನ್ನು ನೋವೆಂದ. ಊರಿಗೆ ಬಂದಾಗಿನಿಂದ ಯಾರ ದನ ಸತ್ತರೂ ಅವನ ಬೆನ್ನು ನೋಯುತ್ತಿತ್ತು. ಗೌಡರ ಅಣ್ಣನ ಮಗ ಬಡಿಗೆ ಎತ್ತಿದ. ಭಾಗಪ್ಪ ಅದೇ ಬಡಿಗೆ ಕಸಿದುಕೊಂಡು ಅವನ ಕೈ ಮುರಿದ. ಕೋರ್ಟಿನಲ್ಲಿ ಮುರಿದ ಕೈ ಬಂತು, ಬಡಿಗೆ ಬಂತು, ಅದನ್ನು ಮೊದಲು ಎತ್ತಿದವರು ಯಾರು ಎಂಬ ಮಾತು ಬರಲೇ ಇಲ್ಲ. ಒಂದು ವರ್ಷ ಸಜೆಯಾಯಿತು.

ವಿಜಯಪುರದ ಜೈಲಿನಲ್ಲಿ ಕೈದಿಗಳ ರಜಿಸ್ಟರ್ ಬರೆಯುವ ಕಾರಕೂನ ಟಿಕೋಟಾದ ಮುರ್ತುಜಾಸಾಬ. ಅಕ್ಷರ ಮುತ್ತಿನಂಥವು, ಅದರ ಮೇಲೆ ಅವನಿಗೆ ಜಂಬವೂ ಇತ್ತು. ಆದರೆ ಅವನದೊಂದು ಪದ್ಧತಿ ಒಳ್ಳೆಯದಿತ್ತು. ಹೊಸ ಕೈದಿ ಬಂದರೆ ಹೆಸರು, ವಯಸ್ಸು, ಊರು ಎಲ್ಲವನ್ನೂ ಪೊಲೀಸರ ಎದುರಿಗೇ ಕೇಳುತ್ತಿದ್ದ. ಧರ್ಮದ ಖಾನೆಗೆ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟು ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದ. ಆಮೇಲೆ ದನಿ ತಗ್ಗಿಸಿ, "ನೋಡಪಾ, ಇದು ಊಟಕ್ಕ, ನಮಾಜು ಪೂಜಾಕ್ಕ ಕೇಳೂದು. ಇನ್ನೊಂದು, ನಿನ್ನ ಆಯುಷ್ಯ ಗಟ್ಟಿ ಇರಲಿ, ಇಲ್ಲೇ ಏನರ ಆದ್ರ ಸುಡಬೇಕೋ ಹುಗೀಬೇಕೋ, ಯಾರ್ನ ಕರಸಬೇಕು ಅಂತ ನನಗ ಗೊತ್ತಿರಬೇಕು. ಖರೇ ಹೇಳು. ನನ್ನ ಬಿಟ್ಟು ಯಾರಿಗೂ ಗೊತ್ತಾಗಂಗಿಲ್ಲ," ಎನ್ನುತ್ತಿದ್ದ. ಹಿಂದೆ ಒಮ್ಮೆ ಹುಗಿಯಬೇಕಾದ ಹೆಣವೊಂದನ್ನು ಜೈಲಿನವರು ಸುಟ್ಟುಬಿಟ್ಟಿದ್ದರಂತೆ. ಸತ್ತವನ ತಾಯಿ ಬಂದು ಬೂದಿಯ ಮುಂದೆ ಕುಳಿತದ್ದನ್ನು ನೋಡಿದ ಮೇಲೆ ಅವನು ಹಿಡಿದ ಪದ್ಧತಿ ಇದು.

ಭಾಗಪ್ಪನನ್ನು ಹೀಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಖರೇ ಹೇಳಿಬಿಟ್ಟ. ಖಾನೆಯಲ್ಲಿ 'ಬೌದ್ಧ' ಎಂದು ಬಿತ್ತು, ಅದರ ಮುಂದೆ ಭಾಗಪ್ಪನ ಹೆಬ್ಬೆಟ್ಟು ಬಿತ್ತು.

ಮೊದಲ ಭೇಟಿಯಲ್ಲಿ ಅವನು ಇದನ್ನು ಹೇಳಿದಾಗ ಚಂದ್ರಾಬಾಯಿ ಸರಳಿನಾಚೆಯಿಂದಲೇ ಹಲ್ಲು ಕಚ್ಚಿದಳು. "ಕೇಳಿದ್ರಂತ ಹೇಳಿಬಿಡೂದೇನು? ಏಳ ವರ್ಷ ನಾ ಟ್ರಂಕಿನ ಮ್ಯಾಲೆ ಕುಂತು ಕಾದೀನಿ."

"ಸತ್ರ ಹ್ಯಾಂಗ ಮಣ್ಣ ಮಾಡೂಣು ಅಂತ ಕೇಳಿದ್ರಬೇ. ಅಲ್ಲಿ ಸುಳ್ಳ ಹ್ಯಾಂಗ ಹೇಳ್ಲಿ? ಅವರು ಯಾರಿಗೂ ಹೇಳಂಗಿಲ್ಲ."

ಯಾರಿಗೂ ಹೇಳಲಿಲ್ಲ, ನಿಜ. ಮಾಡಿದ್ದು ಅದಕ್ಕಿಂತ ಹೆಚ್ಚಿನದು.

ಆಗಸ್ಟಿನಲ್ಲಿ ಒಂದು ದಿನ ಚಂದ್ರಾಬಾಯಿ ಜೋಳ ಬೀಸಿಸಲು ಅಮೋಘಿಯ ಗಿರಣಿಗೆ ಹೋಗಿದ್ದಳು. ಅಮೋಘಿ ಹಿಟ್ಟಿನ ಗಿರಣಿಯ ಮಾಲಕ, ಪಂಚಾಯ್ತಿ ಮೆಂಬರ, ಗೌಡರ ಬಾಲ. ಕೇರಿಯವರ ಬುಟ್ಟಿಗಳು ಗೋಡೆಯ ಆಚೆ ಸಾಲಾಗಿದ್ದವು, ಅವಳದು ಎರಡನೆಯದು. ಅಮೋಘಿ ಇದ್ದಕ್ಕಿದ್ದಂತೆ ಎಂಜಿನ್ ನಿಲ್ಲಿಸಿದ. ಕೈಯಲ್ಲಿ ನೀಲಿ ರಟ್ಟಿನ ಒಂದು ತೆಳ್ಳನೆಯ ಪುಸ್ತಕವಿತ್ತು. ಜೈಲುಗಳನ್ನು ಸುಧಾರಿಸಬೇಕೆಂದು ಮೇಲೆ ಯಾವುದೋ ಸಮಿತಿ ಕೂತಿತ್ತಂತೆ. ಅದು ಕೈದಿಗಳ ಅಂಕಿಸಂಖ್ಯೆ ಅಚ್ಚು ಹಾಕಿಸಿ, ಯಾರಿಗೆ ಏನು ಉಪಯೋಗವೆಂದು ಕೇಳದೆ, ಪಂಚಾಯ್ತಿಗೊಂದು ಕಳಿಸಿತ್ತು.

"ಕೇಳ್ರಿ ಎಲ್ಲಾರೂ, ನಮ್ಮೂರ ಹೆಸರು ಛಾಪಿಸ್ಯಾರ," ಎಂದು ಅಮೋಘಿ ಓದಿದ. "ಕರಿಮಡ್ಡಿ. ಹಿಂದೂ ಮೂರು, ಮುಸ್ಲಿಂ ಒಂದು, ಬೌದ್ಧ ಒಂದು."

ಮಂದಿಗೆ ತಿಳಿಯಲಿಲ್ಲ. ಅಮೋಘಿ ಹಿಟ್ಟು ಮೆತ್ತಿದ ಬೆರಳು ಮಡಚತೊಡಗಿದ. "ಬದುವಿನ ಜಗಳದಾಗ ಒಳಗ ಹ್ವಾದ ಅಣ್ಣತಮ್ಮ ಇಬ್ಬರು. ಕಳ್ಳಭಟ್ಟಿ ಕಾಸಿದಾಂವ ಒಬ್ಬ. ಮೂರ ಆತಲ್ಲ. ಬುಡ್ಡೇಸಾಬನ ಅಳಿಯ ಒಬ್ಬ, ನಾಕ. ಉಳದಾಂವ ಯಾರು?" ಆಮೇಲೆ ಗೋಡೆಯ ಕಡೆ ತಿರುಗಿ, "ಏನಬೇ ಚಂದ್ರಾಬಾಯಿ, ನಿನ್ನ ಗಂಡ ಯಾವಾಗ ಧರ್ಮ ಬಿಟ್ಟ? ನಮಗೊಂದ ಮಾತ ಹೇಳಲಿಲ್ಲಲ್ಲ," ಎಂದ.

ಶಾಲೆಗೆ ಹೋಗದ ಹುಡುಗ ಕೂಡ ಮಾಡಬಹುದಾದ ಲೆಕ್ಕ. ಅದನ್ನು ಮಾಡಿ ಅವನು ದೊಡ್ಡ ವಕೀಲನಂತೆ ನಿಂತಿದ್ದ. ಚಂದ್ರಾಬಾಯಿ ತನ್ನ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. "ನೀ ಜ್ವಾಳ ಬೀಸಾಂವೋ, ಮಂದಿ ಮನಿ ಬೀಸಾಂವೋ ಮೊದಲ ಹೇಳು. ನಮ್ಮ ಜ್ವಾಳ ನಮ್ಮ ಬೀಸುಕಲ್ಲಿಗಿ ಭಾರ ಆಗಿಲ್ಲ." ಮನೆಗೆ ಬಂದು ಅಷ್ಟೂ ಜೋಳವನ್ನು ಕೈಯಲ್ಲೇ ಬೀಸಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು, ಸಿಟ್ಟು ಮಾತ್ರ ಇಳಿಯಲಿಲ್ಲ.

ಹನ್ನೆರಡನೆಯ ದಿನಕ್ಕೆ ಹಾಸ್ಟೆಲ್ಲಿನಿಂದ ಕರೆ ಬಂತು. ಅಲ್ಲಿನ ಮೇಲ್ವಿಚಾರಕಿ ಅಕ್ಕನಾಗಮ್ಮ ಕೆಟ್ಟವಳಲ್ಲ, ಒಳ್ಳೆಯವಳು ಅನ್ನುವುದಕ್ಕೂ ಧೈರ್ಯ ಸಾಲದವಳು. ಫೈಲು ಕಂಡರೆ ಬೆವರುತ್ತಿದ್ದಳು. ಮೇಜಿನ ಮೇಲೆ ಅದೇ ನೀಲಿ ಪುಸ್ತಕ, ಕರಿಮಡ್ಡಿಯ ಸಾಲಿಗೆ ಕೆಂಪು ಪೆನ್ಸಿಲಿನ ಗೆರೆ, ಜೊತೆಗೊಂದು ಅರ್ಜಿ. ಬೌದ್ಧನ ಮಗಳು ಪರಿಶಿಷ್ಟರ ಅನ್ನ ತಿನ್ನುತ್ತಿದ್ದಾಳೆ, ಕ್ರಮ ಜರುಗಿಸಬೇಕು ಎಂದಿತ್ತು. ಅರ್ಜಿಗೆ ಸಹಿಯಿಲ್ಲ. ಬರೆದವನಿಗೆ ತನ್ನ ಹೆಸರು ಮುಚ್ಚಿಕೊಳ್ಳುವ ಹಕ್ಕು ಇತ್ತು ನೋಡಿ.

"ನಾ ಏನ ಮಾಡ್ಲೆವಾ," ಎಂದಳು ಅಕ್ಕನಾಗಮ್ಮ. "ಮ್ಯಾಲಿನವರು ಕೇಳಾಕತ್ತಾರ. ಎಂಟ ದಿನದಾಗ ಜೈಲಿನಿಂದ ಕಾಗದ ತಗೊಂಬಾ, ಭಾಗಪ್ಪನ ಧರ್ಮ ಯಾವುದಂತ. ಇಲ್ಲಂದ್ರ ಹುಡುಗಿ ಹಾಸಿಗಿ ಸುತ್ತಬೇಕಾಕ್ಕೈತಿ."

ಪರಸವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಳಲಿಲ್ಲ. ಕೈಯಲ್ಲಿದ್ದ ಭೂಮಿತಿ ಪುಸ್ತಕವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಚಂದ್ರಾಬಾಯಿ ಅದನ್ನು ನೋಡಿ, ಅಲ್ಲಿಂದ ನೇರ ಜೈಲಿಗೆ ನಡೆದಳು.

ಮುರ್ತುಜಾಸಾಬನಿಗೆ ಅವಳು ಯಾರೆಂದು ಹೇಳುವ ಅವಶ್ಯಕತೆ ಬರಲಿಲ್ಲ. ಟಿಕೋಟಾದ ಸಂತೆಯಲ್ಲಿ ಅವನಿಗೂ ಸುದ್ದಿ ಮುಟ್ಟಿತ್ತು. "ನಾ ಹೆಸರ ಬರದಿಲ್ಲ ಬಾಯಿ," ಎಂದ, ಅವಳು ಬಾಯಿ ತೆರೆಯುವ ಮೊದಲೇ. "ಅಲ್ಲಾಹನ ಆಣಿ, ಒಬ್ಬನ ಹೆಸರೂ ಕಳಿಸಿಲ್ಲ."

"ಹೆಸರ ಯಾಕ ಬೇಕ್ರಿ ಸಾಹೇಬ್ರ? ನಮ್ಮೂರಾಗಿಂದ ನಿಮ್ಮ ಜೈಲಿನಾಗ ಐದ ಮಂದಿ ಅದಾರ. ನಾಕ ಮಂದಿ ಹಣೇಬರಾ ಊರಿಗೆಲ್ಲಾ ಗೊತ್ತೈತಿ. ಉಳದಾಂವ ನನ್ನ ಗಂಡ. ನೀವು ಹೆಸರ ಬರದ ಕಳಿಸಿದ್ರರ ಚೊಲೊ ಇತ್ತು, ಅಂವ ಬ್ಯಾರೆ ಭಾಗಪ್ಪ ಅಂತ ಹೇಳಿ ಜಗಳಾ ತಗೀತಿದ್ದೆ. ಒಂದು ಅಂತ ಬರದ್ರಿ. ಒಂದನ್ನ ಎಲ್ಲಿ ಮುಚ್ಚಿಡ್ಲಿ?"

ಮುರ್ತುಜಾಸಾಬ ರಜಿಸ್ಟರಿನ ಮೇಲೆ ಕೈಯಿಟ್ಟು ಕುಳಿತ. ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮ್ಯಾಲಿನವರು ತಾಲೂಕಿಂದ ಅಷ್ಟ ಕೇಳಿದ್ರು. ತಾಲೂಕಿಗೆ ಹದಿನಾಕ ಮಂದಿ ಬೌದ್ಧರು ಬರ್ತಿದ್ರು, ಯಾರಂತ ಯಾರಿಗೂ ತಿಳೀತಿದ್ದಿಲ್ಲ. ನಾನ ಖಾನೆ ಹಾಕಿ ಒಂದೊಂದ ಊರಿಂದು ಬಿಡಿಸಿ ತಖ್ತೆ ಬರದೆ."

"ಯಾಕ?"

"ತಖ್ತೆ ಚೊಲೊ ಕಾಣ್ಲಿ ಅಂತ."

ದ್ವೇಷಕ್ಕೆ ಮಾಡಿದ್ದರೆ ಬೈಯುವುದಕ್ಕೆ ಚಂದ್ರಾಬಾಯಿಯಲ್ಲಿ ಮಾತುಗಳಿದ್ದವು. ಅಂದಕ್ಕೆ ಮಾಡಿದ ಅನ್ಯಾಯಕ್ಕೆ ಬೈಗುಳ ಎಲ್ಲಿಂದ ತರಬೇಕು? "ಮಂದಿನ್ನ ಹೊರಗ ಹಾಕಿ, ಬಾಗಲಾ ಮುಚ್ಚಿ, ಕಿವ್ಯಾಗ ಕೇಳಿದ್ರಿ," ಎಂದಳು. "ಆಮ್ಯಾಲೆ ಊರೂರಿಗೆ ಡಂಗುರಾ ಹೊಡಿಸಿದ್ರಿ. ಬೇಲಿನ ಹೊಲಾ ಮೇಯ್ದ್ರ ಯಾರಿಗಿ ಹೇಳೂದ್ರಿ?"

ಮುರ್ತುಜಾಸಾಬ ಪೆನ್ನು ಎತ್ತಿಕೊಂಡ. "ನನ್ನ ತಪ್ಪು ಅಂತ ಬರದ ಕೊಡ್ತೀನಿ. ಭಾಗಪ್ಪ ಹಿಂದೂ ಅಂತ ಹೇಳಿದ್ದ, ನಾನು ಮರತು ಬ್ಯಾರೆ ಬರದೀನಿ ಅಂತ. ನೌಕರಿಗೆ ಏನಾಕ್ಕೈತೋ ಆಗ್ಲಿ. ಹುಡುಗಿ ಉಳೀಲಿ." ರಜಿಸ್ಟರ್ ಬಿಚ್ಚಿ, ಭಾಗಪ್ಪನ ಸಾಲಿನಲ್ಲಿ ನಾಲ್ಕನೆಯ ಖಾನೆಯ ಮೇಲೆ ಬೆರಳಿಟ್ಟು ತೋರಿಸಿದ. "ಇದ ನೋಡು, ಇಲ್ಲೇ ಐತಿ."

ಚಂದ್ರಾಬಾಯಿಗೆ ಓದಲು ಬರುತ್ತಿರಲಿಲ್ಲ. ಆ ಜಾಗವನ್ನು ನೋಡಿದಳು. ಒಂದು ಬೆರಳಿನ ಅಗಲವೂ ಇಲ್ಲದ ಜಾಗ. ಅವಳು ಒಪ್ಪಿದಳು, ಗಂಡನನ್ನು ಒಂದು ಮಾತು ಕೇಳಿ ಬರುತ್ತೇನೆಂದು ಹೋದಳು.

ಭಾಗಪ್ಪ ಸರಳು ಹಿಡಿದು ಎಲ್ಲವನ್ನೂ ಕೇಳಿದ. "ಅದು ತಪ್ಪಲ್ಲಬೇ," ಎಂದ ನಿಧಾನಕ್ಕೆ. "ನಾ ಹೇಳಿದ್ದು. ಹುಟ್ಟಿದಾಗಿಂದ ಮಂದಿ ನನಗ ನೀ ಇಂಥಾಂವ ಅಂತ ಹೇಳ್ಯಾರ. ನಾನ ಬಾಯಿಬಿಟ್ಟು ನಾ ಇಂಥಾಂವ ಅಂದಿದ್ದು ಅದೊಂದ ಸಲ. ಅದನ್ನ ತಪ್ಪಂತ ಹ್ಯಾಂಗ ಬರಸ್ಲಿ?"

"ನಿನ್ನ ಖರೇ ಮಾತು ನನ್ನ ಮಗಳ ಗಂಗಾಳದಾಗಿನ ರೊಟ್ಟಿ ಕಸಗೊಳ್ಳಾಕತ್ತೈತಿ, ಗೊತ್ತೈತೇನು?"

"ಗೊತ್ತೈತಿ."

"ಮತ್ತ?"

ಭಾಗಪ್ಪ ಸರಳು ಬಿಟ್ಟು ಕೈ ಕೆಳಗಿಳಿಸಿದ. ಅವನ ಮೇಲೆ ಬಂದಷ್ಟು ಸಿಟ್ಟು ಅವಳಿಗೆ ಅಮೋಘಿಯ ಮೇಲೂ ಬಂದಿರಲಿಲ್ಲ. ಆದರೆ ಅವನು ಹೇಳಿದ್ದು ನಿಜವೆಂದೂ ಅವಳಿಗೆ ಗೊತ್ತಿತ್ತು. ಏಳು ವರ್ಷ ಆ ಫೋಟೊಕ್ಕೆ ದಿನಾ ಮುಚ್ಚಳ ತೆರೆದು ಕೈ ಮುಗಿದವಳು ಅವಳೇ. ಹೌದೆಂದು ಬರೆಸಿದರೆ ಮಗಳು ಹೋಗುತ್ತಾಳೆ, ಅಲ್ಲವೆಂದು ಬರೆಸಿದರೆ ಈ ಮನುಷ್ಯ ಹೋಗುತ್ತಾನೆ. ಕೇಳಿದವರ ಗಂಟು ಏನು ಹೋಗುತ್ತದೆ?

ಆ ಪ್ರಶ್ನೆಯಿಂದಲೇ ಅವಳಿಗೆ ಒಂದು ದಾರಿ ಹೊಳೆಯಿತು. ಮುರ್ತುಜಾಸಾಬನ ಮೇಜಿನ ಮುಂದೆ ಬಂದು ನಿಂತಳು. "ಸಾಹೇಬ್ರ, ಧರ್ಮ ಕೇಳೂ ಮುಂದ ಮಂದಿನ್ನ ಯಾಕ ಹೊರಗ ಕಳಸ್ತೀರಿ?"

"ಯಾರೂ ಕೇಳಬಾರದಂತ."

"ಹಂಗಂತನ ಬರೀರಿ. ಹೌದೂ ಬ್ಯಾಡ, ಅಲ್ಲೂ ಬ್ಯಾಡ. ಕೈದಿ ನಮ್ಮ ಮುಂದ ಹೇಳಿದ್ದು ಹೊರಗಿನವರಿಗಿ ಹೇಳಂಗಿಲ್ಲ ಅಂತ ಬರೀರಿ. ಹೇಳಬಾರದ್ದು ಒಮ್ಮೆ ಹೇಳಿ ಕೆಡಿಸೀರಿ. ಇನ್ನೊಮ್ಮೆ ಕೇಳಿದ್ರ ಬಾಯಿ ಮುಚ್ಚೂದರ ಕಲೀರಿ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮುರ್ತುಜಾಸಾಬನಿಗೆ ಹೀಗೆ ಯಾರೂ ಹೇಳಿರಲಿಲ್ಲ. ಅವನು ಕಾಗದ ತೆಗೆದು ಆ ಮುತ್ತಿನಂಥ ಅಕ್ಷರದಲ್ಲಿ ಬರೆದ: ಕೈದಿಯು ತನ್ನ ಧರ್ಮದ ಬಗ್ಗೆ ಹೇಳುವುದು ಊಟ, ಪ್ರಾರ್ಥನೆ ಮತ್ತು ಅಂತ್ಯಕ್ರಿಯೆಯ ಸಲುವಾಗಿ ಮಾತ್ರ, ಅದನ್ನು ಬೇರೆ ಯಾವ ಕಚೇರಿಗೂ ತಿಳಿಸಲಾಗದು, ಅಚ್ಚಾದ ತಖ್ತೆಯಲ್ಲಿ ಯಾವ ಕೈದಿಯ ಹೆಸರೂ ಇರುವುದಿಲ್ಲ. ಜೈಲಿನ ಸಾಹೇಬರನ್ನು ಕೇಳದೆ ತಾನೇ ಸಹಿ ಮಾಡಿ ಶಿಕ್ಕಾ ಹೊಡೆದ. ಅದಕ್ಕೆ ಅವನಿಗೆ ಮೆಮೊ ಬಂತು, ಆ ವರ್ಷದ ಬಡ್ತಿ ಹೋಯಿತು. ಹೋಗಲಿ. ಅದು ಅವನು ಕಟ್ಟಬೇಕಾದ ದಂಡವೇ ಆಗಿತ್ತು.

ಅಕ್ಕನಾಗಮ್ಮ ಆ ಕಾಗದವನ್ನು ಎರಡು ಸಲ ಓದಿದಳು. ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ; ಹುಡುಗಿಯನ್ನು ಹೊರಹಾಕಲು ಆಧಾರವಿಲ್ಲ. "ಈ ವರ್ಷಕ್ಕ ಮುಗೀತವಾ," ಎಂದಳು. "ಜೂನಿನಾಗ ಹೊಸಾ ಫಾರಂ ತುಂಬಬೇಕು. ಆವಾಗ ಹುಡುಗಿ ಧರ್ಮ ಬರದು ತಂದಿ ತಾಯಿ ಸಹಿ ಹಾಕ್ಬೇಕು. ಅದರಾಗ ನಾ ಏನೂ ಮಾಡಾಕ ಬರಂಗಿಲ್ಲ."

ಜೈಲಿನಲ್ಲಿ ಉಳಿದ ತಿಂಗಳುಗಳಲ್ಲಿ ಭಾಗಪ್ಪನಿಗೆ ಮುರ್ತುಜಾಸಾಬ ಸಹಿ ಮಾಡಲು ಕಲಿಸಿದ. ಪ್ರಾಯಶ್ಚಿತ್ತವೋ ಏನೋ, ದಿನಾ ಊಟದ ನಂತರ ಸ್ಲೇಟು ಹಿಡಿದು ಕೂರಿಸುತ್ತಿದ್ದ. ಸಜೆಯಲ್ಲಿ ಮಾಫಿ ಸಿಕ್ಕು ನವೆಂಬರಿನಲ್ಲಿ ಬಿಡುಗಡೆಯಾಗುವಾಗ ಭಾಗಪ್ಪ ರಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಲಿಲ್ಲ. 'ಬೌದ್ಧ' ಎಂದು ಬರೆದ ಸಾಲಿನಲ್ಲಿಯೇ, ತನ್ನ ಹಳೆಯ ಹೆಬ್ಬೆಟ್ಟಿನ ಪಕ್ಕದಲ್ಲಿ, ಸೊಟ್ಟ ಅಕ್ಷರದಲ್ಲಿ 'ಭಾಗಪ್ಪ' ಎಂದು ಬರೆದ. ಮನೆಗೆ ಬಂದು ಹೆಂಡತಿಗೆ ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ಬರೆದು ತೋರಿಸಿದ. ಅವನು ಬದುಕಿನಲ್ಲಿ ಮಾಡಿದ ಮೊದಲ ಸಹಿ ಅದು.

ಎರಡನೆಯದು ಎಪ್ಪತ್ತೈದರ ಜೂನಿನಲ್ಲಿ ಬಂತು.

ಹಾಸ್ಟೆಲ್ಲಿನ ಪಡಸಾಲೆಯಲ್ಲಿ ತಂದೆತಾಯಿಗಳ ಸಾಲಿತ್ತು. ಪರಸವ್ವ ಫಾರಂ ಮೇಜಿನ ಮೇಲೆ ಹರಡಿ, ಶಾಯಿಯ ಪೆನ್ನಿನಿಂದ ತಾನೇ ತುಂಬುತ್ತಿದ್ದಳು. ಹೆಸರು, ಊರು, ಹತ್ತನೆಯ ಇಯತ್ತೆ ಎಲ್ಲ ಬರೆದು ಒಂದು ಕಡೆ ಪೆನ್ನು ನಿಲ್ಲಿಸಿದಳು. "ಯಪ್ಪಾ, ಇಲ್ಲಿ ಏನ ಬರೀಲಿ?" ಎಂದಳು, ತಲೆ ಎತ್ತದೆ.

ಏನನ್ನು ಕೇಳುತ್ತಿದ್ದಾಳೆಂದು ಮೂವರಿಗೂ ಗೊತ್ತಿತ್ತು. ಅಕ್ಕನಾಗಮ್ಮನಿಗೂ ಗೊತ್ತಿತ್ತು, ಅವಳು ಕಿಡಕಿಯ ಹೊರಗೆ ನೋಡಿದಳು. ಇಲ್ಲಿ ಯಾರೂ ಯಾರನ್ನೂ ಹೊರಗೆ ಕಳಿಸಲಿಲ್ಲ. ಹಿಂದಿನ ಸಾಲಿನವರು ಕತ್ತು ಚಾಚಿ ನಿಂತಿದ್ದರು.

ಭಾಗಪ್ಪ ಮಗಳ ಜಡೆಯನ್ನು ನೋಡುತ್ತ, "ಹಿಂದೂ ಅಂತ ಬರಿ," ಎಂದ.

ಅವಳು ಬರೆದಳು. ಭಾಗಪ್ಪ ಪೆನ್ನು ತೆಗೆದುಕೊಂಡು ತಂದೆಯ ಸಹಿಯ ಜಾಗದಲ್ಲಿ ಒಂದೊಂದೇ ಅಕ್ಷರ ಕೂರಿಸಿದ. ಮುಗಿಸಿ ಹೆಂಡತಿಯ ಕಿವಿಗಷ್ಟೇ ಕೇಳುವಂತೆ ಹೇಳಿದ: "ಜೈಲಿನಾಗಿದ್ದಾಗ ಖರೇಕ್ಕ ಸಹಿ ಹಾಕಿದ್ದೆ. ಬಿಡುಗಡಿ ಆಗಿ ಬಂದು ಸುಳ್ಳಿಗಿ ಹಾಕೀನಿ."

ಅಕ್ಕನಾಗಮ್ಮ ಶಾಯಿಯ ಡಬ್ಬಿ ಮುಂದೆ ತಳ್ಳಿ, ಕೆಳಗೆ ಬೆರಳು ತೋರಿಸಿ, "ನೀ ಇಲ್ಲಿ ಹೆಬ್ಬಟ್ಟ ಒತ್ತವಾ," ಎಂದಳು. ಚಂದ್ರಾಬಾಯಿ ಹೆಬ್ಬೆಟ್ಟನ್ನು ಡಬ್ಬಿಯಲ್ಲಿ ಅದ್ದಿದಳು, ಒಮ್ಮೆ ಸಾಲದೆಂದು ಮತ್ತೊಮ್ಮೆ ಅದ್ದಿದಳು. ಮಗಳ ಪೆನ್ನು ಎಲ್ಲಿ ನಿಂತಿತ್ತೆಂದು ಅವಳು ನೋಡಿದ್ದಳು. ಶಾಯಿ ಅಲ್ಲಿ ಇನ್ನೂ ಹಸಿಯಿತ್ತು. ಹೆಬ್ಬೆಟ್ಟನ್ನು ನೇರ ಅಲ್ಲಿಗೇ ಒಯ್ದು ಇಟ್ಟು, ತೋಳಿನ ಬಲವನ್ನೆಲ್ಲ ಹಾಕಿ ಒತ್ತಿ, ಎತ್ತುವ ಮೊದಲು ಒಮ್ಮೆ ತಿರುವಿದಳು. ಆ ಖಾನೆಯಲ್ಲಿ ಏನು ಬರೆದಿತ್ತೆಂದು ಇನ್ನು ಯಾರಪ್ಪನಿಗೂ ಓದಲು ಬರುವಂತಿರಲಿಲ್ಲ.

"ಎಲ್ಲಿ ಒತ್ತಿದೆವಾ? ಜಾಗಾ ಕೆಳಗ ಇತ್ತಲ್ಲ," ಎಂದಳು ಅಕ್ಕನಾಗಮ್ಮ.

"ನಾ ಅಡಾಣಿ ಹೆಣಮಗಳ್ರಿ. ಓದಾಕ ಬರಂಗಿಲ್ಲ," ಎಂದಳು ಚಂದ್ರಾಬಾಯಿ, ಅವಳ ಕಣ್ಣಲ್ಲಿ ಕಣ್ಣಿಟ್ಟು. "ಎಲ್ಲಿ ಒತ್ತಂತೀರಿ, ಇನ್ನೊಮ್ಮೆ ಒತ್ತತೀನಿ." ಕೆಳಗಿನ ಜಾಗದಲ್ಲಿ ಇನ್ನೊಂದು ಹೆಬ್ಬೆಟ್ಟು ಅಚ್ಚುಕಟ್ಟಾಗಿ ಒತ್ತಿದಳು.

ಹೊಸ ಫಾರಂಗಳು ಅಕ್ಕನಾಗಮ್ಮನ ಮೇಜಿನ ಖಣದಲ್ಲಿ ಬೇಕಾದಷ್ಟಿದ್ದವು. ಅವಳು ಮಸಿಯಾದ ಆ ಕಾಗದವನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಖಣಕ್ಕೆ ಕೈ ಹಾಕಲಿಲ್ಲ. ಫಾರಂ ಮಡಚಿ ಫೈಲಿನೊಳಗಿಟ್ಟು, "ಮುಂದಿನವರು ಬರ್ರಿ," ಎಂದಳು.

ಚಂದ್ರಾಬಾಯಿ ಹೆಬ್ಬೆಟ್ಟಿನ ಮಸಿಯನ್ನು ಸೀರೆಗೆ ಒರೆಸಿಕೊಳ್ಳಲಿಲ್ಲ. ಹೊರಗೆ ಹೋಗುವಾಗ ಸುಣ್ಣ ಬಳಿದ ಸರಕಾರಿ ಗೋಡೆಗೆ ಒರೆಸಿ ಹೋದಳು.